ಹೆಜ್ಜೆ ಎತ್ತಿಸುವ ಗೋಡೆ: ಆಸ್ಪತ್ರೆಗಳಲ್ಲಿ ನಡಿಗೆಗೆ ಪ್ರೇರೇಪಿಸುವ ಸಾರ್ವಜನಿಕ ಕಲೆಗೆ ಒಂದು ಸಮಗ್ರ ಮಾರ್ಗದರ್ಶಿ

ಆಸ್ಪತ್ರೆಯ ಲಿಫ್ಟಿನ ಮುಂದೆ ನಿಂತ ಸಾಲಿನಲ್ಲಿ ನಡೆದರೆ ಒಳಿತಾಗುವವರೂ ಇರುತ್ತಾರೆ, ನಡೆಯಲೇಬಾರದವರೂ ಇರುತ್ತಾರೆ. ಸಕ್ಕರೆ ಕಾಯಿಲೆಯ ಮಾತ್ರೆಗೆಂದು ತಿಂಗಳಿಗೊಮ್ಮೆ ಬರುವವರು, ರೋಗಿಗೆ ಬುತ್ತಿ ತಂದ ಮಗ, ಪಾಳಿ ಮುಗಿಸಿ ಇಳಿಯುವ ಶುಶ್ರೂಷಣಾಧಿಕಾರಿ ಒಂದು ಕಡೆ. ಎದೆನೋವಿನಿಂದ ಬಂದವರು, ಸೊಂಟದ ಮೂಳೆ ಮುರಿದವರು, ಉಬ್ಬಸದವರು ಇನ್ನೊಂದು ಕಡೆ. ರೈಲು ನಿಲ್ದಾಣದಲ್ಲಿ ಒಪ್ಪುವ ಕಲಾಕೃತಿಯನ್ನು ಹಾಗೆಯೇ ತಂದು ಆಸ್ಪತ್ರೆಯಲ್ಲಿ ನಿಲ್ಲಿಸಲಾಗದಿರುವುದು ಈ ಕಾರಣದಿಂದಲೇ. ಇಲ್ಲಿ ಮೊದಲು ನಿರ್ಧರಿಸಬೇಕಾದದ್ದು ಯಾರ ಕಾಲು ನಡೆಯಬೇಕು ಎಂಬುದನ್ನು. ಯಾವ ಚಿತ್ರ ಎಂಬುದು ಆಮೇಲಿನ ಮಾತು. ಎರಡರಿಂದ ನಾಲ್ಕು ಮಹಡಿಗಳಿರುವ ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ ಅಥವಾ ಮಧ್ಯಮ ಗಾತ್ರದ ಖಾಸಗಿ ಆಸ್ಪತ್ರೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಅಲ್ಲಿನ ಆಡಳಿತದವರಿಗೂ ಕಲಾವಿದರಿಗೂ ಹಣ ಕೊಡಲು ಮುಂದೆ ಬರುವ ದಾನಿಗಳಿಗೂ ಉಪಯೋಗವಾಗುವಂತೆ ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ.

ಆರಂಭಕ್ಕೆ ಮುನ್ನ: ಬಣ್ಣದಿಂದ ಎಷ್ಟನ್ನು ನಿರೀಕ್ಷಿಸಬೇಕು

ಈ ವಿಷಯ ಬಂದಾಗಲೆಲ್ಲ ಜನ ನೆನೆಯುವುದು ಸ್ಟಾಕ್‌ಹೋಮಿನ ಓಡೆನ್‌ಪ್ಲಾನ್ ನಿಲ್ದಾಣದ ಪಿಯಾನೊ ಮೆಟ್ಟಿಲನ್ನು. 2009ರಲ್ಲಿ ಅಲ್ಲಿನ ಮೆಟ್ಟಿಲುಗಳನ್ನು ಪಿಯಾನೊದ ಮನೆಗಳಂತೆ ಮಾಡಿ, ಕಾಲಿಟ್ಟರೆ ಸ್ವರ ಹೊಮ್ಮುವಂತೆ ಜೋಡಿಸಲಾಗಿತ್ತು. ಎಂದಿಗಿಂತ ಶೇ. 66ರಷ್ಟು ಹೆಚ್ಚು ಜನ ಎಸ್ಕಲೇಟರ್ ಬಿಟ್ಟು ಮೆಟ್ಟಿಲೇರಿದರು ಎಂಬುದು ಅದನ್ನು ಮಾಡಿದವರ ಹೇಳಿಕೆ. ಆದರೆ ಅದು ಕಾರು ಕಂಪನಿಯಾದ ಫೋಕ್ಸ್‌ವ್ಯಾಗನ್ನಿನ ಜಾಹೀರಾತು ಅಭಿಯಾನದ ಭಾಗವಾಗಿತ್ತು ಎಂಬುದನ್ನೂ, ಹೊಸತನದ ಆಕರ್ಷಣೆ ಹೊಸದಾಗಿರುವಷ್ಟು ದಿನವೇ ಎಂಬುದನ್ನೂ ಮರೆಯಬಾರದು.

ಅದಕ್ಕಿಂತ ಹೆಚ್ಚು ಕಲಿಸುವ ಪ್ರಯೋಗವೊಂದು ಅಮೆರಿಕದ ಅಟ್ಲಾಂಟಾದಲ್ಲಿ, ಅಲ್ಲಿನ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿಯ ಕಚೇರಿ ಕಟ್ಟಡದಲ್ಲಿ ನಡೆಯಿತು. ಮೆಟ್ಟಿಲಿನ ಕೋಣೆಗೆ ಬಣ್ಣ ಬಳಿದು ಜಮಖಾನೆ ಹಾಸಿ, ಚೌಕಟ್ಟು ಹಾಕಿದ ಚಿತ್ರಗಳನ್ನು ತೂಗುಹಾಕಿ, ಪ್ರೇರಣೆಯ ಫಲಕಗಳನ್ನಿಟ್ಟು, ಕೊನೆಗೆ ಸಂಗೀತವನ್ನೂ ಸೇರಿಸಿ, ಹಂತ ಹಂತವಾಗಿ ಎಷ್ಟು ಜನ ಹತ್ತುತ್ತಾರೆಂದು ಸೆನ್ಸಾರ್‌ಗಳಿಂದ ಎಣಿಸಿದರು. 2004ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಗಣನೀಯವಾದ ಏರಿಕೆ ಕಂಡದ್ದು ಫಲಕ ಮತ್ತು ಸಂಗೀತದ ಹಂತಗಳಲ್ಲಿ, ಅದೂ ಶೇ. 8.9ರಷ್ಟು. ಬಣ್ಣ, ಚಿತ್ರಗಳಿಂದಷ್ಟೇ ಕಾಲು ಏಳಲಿಲ್ಲ ಎಂಬುದು ಕಲೆಯನ್ನು ಪ್ರೀತಿಸುವವರಿಗೆ ಕಹಿಯೆನಿಸಬಹುದು. ನನ್ನ ದೃಷ್ಟಿಯಲ್ಲಿ ಇದರ ಪಾಠ ಕಲೆ ಬೇಡವೆಂಬುದಲ್ಲ. ಒಂದೆಡೆ ನಿಂತು ನೋಡಿ ಮುಗಿಸಬಹುದಾದ ಚಿತ್ರ ನೋಡುಗನನ್ನು ನಿಲ್ಲಿಸುತ್ತದೆ. ನಡೆಸಬೇಕಾದರೆ ಚಿತ್ರದ ಉಳಿದ ಭಾಗ ಮುಂದಿನ ಹೆಜ್ಜೆಯಲ್ಲಿರಬೇಕು. ಮುಂದಿನ ಹಂತಗಳೆಲ್ಲ ಈ ತಿಳಿವಳಿಕೆಯ ಮೇಲೆ ನಿಂತಿವೆ.

ಮೊದಲ ಹಂತ: ಯಾರ ನಡಿಗೆ ಎಂಬುದನ್ನು ಬರೆದಿಡಿ

ಆಡಳಿತ ವೈದ್ಯಾಧಿಕಾರಿ, ಒಬ್ಬ ಫಿಸಿಯೋಥೆರಪಿಸ್ಟ್, ವಾರ್ಡಿನ ಹಿರಿಯ ಶುಶ್ರೂಷಣಾಧಿಕಾರಿ ಮತ್ತು ಸ್ವಚ್ಛತೆಯ ಸಿಬ್ಬಂದಿಯಲ್ಲಿ ಒಬ್ಬರು ಒಟ್ಟಿಗೆ ಕುಳಿತು ಈ ಪ್ರಶ್ನೆಯನ್ನು ಇತ್ಯರ್ಥ ಮಾಡಬೇಕು. ಕಲಾವಿದರನ್ನು ಈ ಸಭೆಗೆ ಕೇಳಿಸಿಕೊಳ್ಳುವವರಾಗಿ ಕರೆಯುವುದು ಒಳ್ಳೆಯದು. ಚಿತ್ರದ ಮಾದರಿಯನ್ನು ತರಲು ಈಗಲೇ ಹೇಳಬೇಡಿ.

ಸಾಮಾನ್ಯವಾಗಿ ಮೂರು ಗುಂಪುಗಳು ಹೊರಬೀಳುತ್ತವೆ. ಸಿಬ್ಬಂದಿ ಮತ್ತು ಆರೋಗ್ಯವಂತ ಸಂದರ್ಶಕರದು ಮೊದಲನೆಯ ಗುಂಪು; ಇವರಿಗೆ ಮೆಟ್ಟಿಲು. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ, ದಿನಕ್ಕೆ ಹತ್ತಾರು ಬಾರಿ ಮಹಡಿ ಬದಲಿಸುವ ಸಿಬ್ಬಂದಿಗೆ ಅದರ ಒಂದು ಪಾಲು ಮೆಟ್ಟಿಲಿನಲ್ಲೇ ಸಿಗುತ್ತದೆ. ಎರಡನೆಯದು ಶಸ್ತ್ರಚಿಕಿತ್ಸೆಯಾಗಿ, ಹೆರಿಗೆಯಾಗಿ ಅಥವಾ ಜ್ವರದಿಂದ ಸೋತು ಮಲಗಿ ಈಗ ಎದ್ದು ಓಡಾಡಬೇಕೆಂದು ವೈದ್ಯರು ಹೇಳಿರುವ ಒಳರೋಗಿಗಳ ಗುಂಪು. ಇವರಿಗೆ ವಾರ್ಡಿನ ಮುಂದಿನ ಸಮತಟ್ಟಾದ ಕಾರಿಡಾರ್. ಹಾಸಿಗೆಯಲ್ಲೇ ಉಳಿದರೆ, ಅದರಲ್ಲೂ ವಯಸ್ಸಾದವರಲ್ಲಿ, ಸ್ನಾಯುಗಳು ಬೇಗ ಸೊರಗುತ್ತವೆ, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಮತ್ತು ಶ್ವಾಸಕೋಶಕ್ಕೆ ಸೋಂಕು ತಗಲುವ ಅಪಾಯ ಹೆಚ್ಚುತ್ತದೆ. ಮೂರನೆಯದು ಮಕ್ಕಳು. ಮೂವರಿಗೂ ಒಂದೇ ಕಲಾಕೃತಿ ಸಾಕೆಂದು ಹೊರಟರೆ ಕೈಗೆ ಬರುವುದು ಅಲಂಕಾರ ಮಾತ್ರ. ಹಣ ಕಡಿಮೆಯಿದ್ದರೆ ಎರಡನೆಯ ಗುಂಪನ್ನು ಆರಿಸಿ. ಅದರಿಂದ ಸಿಗುವ ಪ್ರಯೋಜನವನ್ನು ವಾರ್ಡಿನವರು ಕಣ್ಣಾರೆ ಕಾಣಬಲ್ಲರು.

ಎರಡನೆಯ ಹಂತ: ಬಣ್ಣದ ಡಬ್ಬಿ ತೆರೆಯುವ ಮೊದಲು ಎಣಿಸಿ

ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಲಿಫ್ಟು ಮತ್ತು ಮೆಟ್ಟಿಲು ಎರಡೂ ಕಾಣುವ ಜಾಗದಲ್ಲಿ ಒಬ್ಬರನ್ನು ಕೂರಿಸಿ, ಎರಡು ವಾರಗಳ ಕಾಲ, ಹೊರರೋಗಿಗಳ ದಟ್ಟಣೆಯ ಸೋಮವಾರವೂ ನಿರಾಳವಾದ ದಿನವೊಂದೂ ಸೇರುವಂತೆ, ದಿನಕ್ಕೆ ಎರಡು ಗಂಟೆ ಎಣಿಸಿದರೆ ಸಾಕು. ಹತ್ತಿದವರು, ಇಳಿದವರು, ಲಿಫ್ಟಿಗೆ ಹೋದವರು ಎಂದು ಮೂರು ಕಂಬಸಾಲುಗಳಿರಲಿ. ಗಾಲಿಕುರ್ಚಿ, ಸ್ಟ್ರೆಚರ್, ಊರುಗೋಲಿನವರನ್ನು ಲೆಕ್ಕದಿಂದ ಹೊರಗಿಡಿ, ಅವರು ಲಿಫ್ಟಿಗೆ ಹೋದದ್ದು ಸರಿಯಾದ ಆಯ್ಕೆಯೇ. ವಾರ್ಡಿನಲ್ಲಿ, ಎದ್ದು ಓಡಾಡಲು ಅನುಮತಿಯಿರುವ ರೋಗಿಗಳಲ್ಲಿ ಎಷ್ಟು ಮಂದಿ ದಿನಕ್ಕೆ ಎಷ್ಟು ಬಾರಿ ಕಾರಿಡಾರಿಗೆ ಬಂದರು ಎಂಬುದನ್ನು ಪಾಳಿಯ ಪುಸ್ತಕದಲ್ಲಿ ಒಂದೊಂದು ಗೀಟು ಎಳೆದು ಗುರುತಿಸಿಕೊಳ್ಳಬಹುದು.

ಎಣಿಸುತ್ತ ಕುಳಿತವರಿಗೆ ಅಂಕಿಗಿಂತ ಬೆಲೆಯುಳ್ಳ ಸಂಗತಿಗಳೂ ಕಣ್ಣಿಗೆ ಬೀಳುತ್ತವೆ. ಮೆಟ್ಟಿಲಿನ ಬಾಗಿಲಿಗೆ ಬೀಗ ಹಾಕಿರುವುದು, ಬಲ್ಬು ಉರಿಯದಿರುವುದು, ಮೂಲೆಯಲ್ಲಿ ಎಲೆಅಡಿಕೆ ಉಗಿದಿರುವುದು, ಹಳೆಯ ಮಂಚಗಳನ್ನು ತಿರುವಿನಲ್ಲಿ ಪೇರಿಸಿರುವುದು. ಇವು ಇರುವಲ್ಲಿ ಯಾವ ಕಲೆಯೂ ಕೆಲಸ ಮಾಡದು. ಅವನ್ನು ಸರಿಪಡಿಸಿ ಮತ್ತೊಮ್ಮೆ ಎಣಿಸಿ ನೋಡಿ. ಎಷ್ಟೋ ಕಡೆ ಬೆಳಕು ಮತ್ತು ಪೊರಕೆಯೇ ಅರ್ಧ ಕೆಲಸ ಮುಗಿಸುತ್ತವೆ.

ಮೂರನೆಯ ಹಂತ: ಮೆಟ್ಟಿಲು

ಮನುಷ್ಯ ಮೆಟ್ಟಿಲೋ ಲಿಫ್ಟೋ ಎಂದು ನಿರ್ಧರಿಸುವುದು ಎರಡೂ ಕಣ್ಣಿಗೆ ಬೀಳುವ ಒಂದೆರಡು ಗಜದ ಜಾಗದಲ್ಲಿ. ಆದ್ದರಿಂದ ಕಲಾಕೃತಿಯ ಆರಂಭ ಅಲ್ಲೇ ಇರಬೇಕು: ಲಿಫ್ಟಿನ ಗುಂಡಿಯ ಪಕ್ಕದ ಗೋಡೆಯಲ್ಲಿ ಹೊರಟ ಒಂದು ಎಳೆ ಮೂಲೆ ತಿರುಗಿ ಮೆಟ್ಟಿಲಿನತ್ತ ಸಾಗಬೇಕು. ಮೆಟ್ಟಿಲಿನ ಕೋಣೆಯೊಳಗೆ ಎಷ್ಟೇ ಸೊಗಸಾದ ಚಿತ್ರವಿದ್ದರೂ, ಬಾಗಿಲು ಮುಚ್ಚಿದ್ದರೆ ಅದನ್ನು ಕಾಣುವವರು ಈಗಾಗಲೇ ಮೆಟ್ಟಿಲನ್ನು ಆರಿಸಿಕೊಂಡವರು ಮಾತ್ರ. ಆದರೆ ಬೆಂಕಿ ತಡೆಯುವ ಬಾಗಿಲಿದ್ದಲ್ಲಿ ಚಿತ್ರ ಕಾಣಲೆಂದು ಅದನ್ನು ಇಟ್ಟಿಗೆ ಇಟ್ಟು ತೆರೆದಿಡುವ ಅಭ್ಯಾಸ ಖಂಡಿತ ಬೇಡ. ಅಂಥಲ್ಲಿ ಬಾಗಿಲಿನ ಹೊರಮೈಯನ್ನೇ ಚಿತ್ರದ ಆರಂಭವಾಗಿಸಿ.

ಗಾರೆಯವರು ರೈಸರ್ ಎನ್ನುವ, ಮೆಟ್ಟಿಲಿನ ನೆಟ್ಟನೆಯ ಮುಖಗಳ ಮೇಲೆ ಚಿತ್ರ ಬರೆಯುವುದು ಇಂದು ಬಹಳ ಕಡೆ ರೂಢಿಯಲ್ಲಿದೆ. ಅದರ ಸ್ವಭಾವವನ್ನು ಅರಿತು ಬಳಸಬೇಕು. ಆ ಚಿತ್ರ ಕಾಣುವುದು ಕೆಳಗಿನಿಂದ ಹತ್ತುವವರಿಗೆ ಮಾತ್ರ. ಇಳಿಯುವವರಿಗೆ ಕಾಣುವುದು ಕಾಲಿಡುವ ಮೇಲ್ಭಾಗವಷ್ಟೇ. ಇದು ಒಂದು ರೀತಿಯಲ್ಲಿ ಅನುಕೂಲವೇ: ಬೀಳುವ ಅಪಾಯ ಇಳಿಯುವಾಗ ಹೆಚ್ಚು, ಆ ಹೊತ್ತಿನಲ್ಲಿ ಕಣ್ಣನ್ನು ಗೊಂದಲಕ್ಕೀಡುಮಾಡುವ ಬಣ್ಣ ಕಾಲಡಿಯಲ್ಲಿ ಇರಬಾರದು. ಆದ್ದರಿಂದ ಕಾಲಿಡುವ ಭಾಗಕ್ಕೆ ಬಣ್ಣ ಬಳಿಯಲೇಬೇಡಿ. ನುಣುಪಾದ ಗ್ರಾನೈಟಿನ ಮೇಲೆ ಬಳಿದ ಸಾಮಾನ್ಯ ಬಣ್ಣ ನೀರು ಬಿದ್ದಾಗ ಜಾರುತ್ತದೆ. ಅದರ ಬದಲು ಪ್ರತಿ ಮೆಟ್ಟಿಲಿನ ಅಂಚಿಗೆ ಸುಮಾರು 50 ಮಿಲಿಮೀಟರ್ ಅಗಲದ, ಕಲ್ಲಿನ ಬಣ್ಣಕ್ಕೆ ಎದ್ದು ಕಾಣುವ, ಜಾರದ ಪಟ್ಟಿಯನ್ನು ಕೂರಿಸಿ. ಚಿತ್ರಕ್ಕಿಂತ ಮೊದಲು ಖರ್ಚು ಮಾಡಬೇಕಾದದ್ದು ಈ ಪಟ್ಟಿಗೆ.

ಮೂರು ಮಹಡಿಯ ಕಟ್ಟಡದಲ್ಲಿ ಒಂದೇ ಕಥೆಯನ್ನು ಮೇಲಕ್ಕೆ ಬೆಳೆಸುವುದು ನನಗೆ ಹೆಚ್ಚು ಮೆಚ್ಚಿಗೆಯಾದ ಕ್ರಮ. ಕೆಳಗಿನ ಮಹಡಿಯಲ್ಲಿ ಹಲಸಿನ ಮರದ ಬೇರು, ಇರುವೆ, ಹಾವಿನ ಹುತ್ತ. ನಡುವಿನ ತಿರುವಿನಲ್ಲಿ ಕಾಂಡಕ್ಕೆ ಜೋತ ಹಣ್ಣು, ಮರಕುಟಿಕ. ಮೇಲೆ ಎಲೆ, ಗೂಡು, ಆಕಾಶ. ಅರ್ಧ ಮರವನ್ನಷ್ಟೇ ಕಂಡವನಿಗೆ ಉಳಿದರ್ಧವನ್ನು ನೋಡುವ ಆಸೆ ಸಹಜವಾಗಿ ಹುಟ್ಟುತ್ತದೆ. ಪ್ರತಿ ತಿರುವಿನಲ್ಲಿ ಹಿಂದಿನ ಸಲ ಕಣ್ತಪ್ಪಿದ ಸಣ್ಣದೊಂದು ಜೀವಿಯನ್ನು ಅಡಗಿಸಿಡಿ. ದಿನವೂ ಅದೇ ಮೆಟ್ಟಿಲೇರುವ ಸಿಬ್ಬಂದಿಗೆ ಚಿತ್ರ ಹಳಸದಿರಲು ಇದೊಂದೇ ಉಪಾಯ.

ಸಂಗೀತ ಬೇಕೆನ್ನುವವರಿಗೆ ಒಂದು ಮಾತು. ಅಟ್ಲಾಂಟಾದ್ದು ಕಚೇರಿ, ಆಸ್ಪತ್ರೆಯಲ್ಲಿ ಮೆಟ್ಟಿಲಿನ ಕೋಣೆ ಕೊಳವೆಯಂತೆ ವರ್ತಿಸಿ ಸದ್ದನ್ನು ಎಲ್ಲ ಮಹಡಿಗಳಿಗೂ ಒಯ್ಯುತ್ತದೆ. ವಾರ್ಡುಗಳಲ್ಲಿ ರಾತ್ರಿಯ ಸದ್ದು 30 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಿದೆ. ಹಗಲಿನಲ್ಲಿ, ವಾರ್ಡಿನಿಂದ ದೂರವಿರುವ ಮೆಟ್ಟಿಲಿನಲ್ಲಿ, ಮೆಲುದನಿಯ ವೀಣೆಯೋ ಕೊಳಲೋ ಆಗಬಹುದು. ತುಳಿದರೆ ಕೂಗುವ ಮೆಟ್ಟಿಲು ಆಗದು.

ನಾಲ್ಕನೆಯ ಹಂತ: ವಾರ್ಡಿನ ಕಾರಿಡಾರ್

ಸಮಯವನ್ನೂ ಹಣವನ್ನೂ ಧಾರಾಳವಾಗಿ ಕೊಡಬೇಕಾದ ಜಾಗ ಇದು. ಶಸ್ತ್ರಚಿಕಿತ್ಸೆಯಾದ ಮರುದಿನ ರೋಗಿಗೆ “ಸ್ವಲ್ಪ ಓಡಾಡಿ” ಎಂದರೆ, ಎಷ್ಟು, ಎಲ್ಲಿಯವರೆಗೆ ಎಂಬುದು ತಿಳಿಯುವುದಿಲ್ಲ. ನೋವಿರುವವನಿಗೆ ಖಾಲಿ ಕಾರಿಡಾರ್ ಕೊನೆಯಿಲ್ಲದಂತೆ ತೋರುತ್ತದೆ. ಕಲೆ ಇಲ್ಲಿ ಮಾಡಬೇಕಾದ ಕೆಲಸ ದೂರವನ್ನು ಹೆಸರುಳ್ಳ ತುಂಡುಗಳನ್ನಾಗಿ ಕತ್ತರಿಸಿ ಕೊಡುವುದು.

ಮೊದಲು ಟೇಪು ಹಿಡಿದು ಕಾರಿಡಾರನ್ನು ಅಳೆಯಿರಿ. ಕಾವೇರಿಯ ಕಡೆಯ ಊರಾದರೆ, ನದಿಯನ್ನೇ ಗೋಡೆಯುದ್ದಕ್ಕೂ ಹರಿಸಿ, ಐದೈದು ಮೀಟರಿಗೆ ಒಂದೊಂದು ನಿಲುಗಡೆ ಬರುವಂತೆ ತಲಕಾವೇರಿ, ಭಾಗಮಂಡಲ, ಕುಶಾಲನಗರ, ಕನ್ನಂಬಾಡಿ ಕಟ್ಟೆ, ಶ್ರೀರಂಗಪಟ್ಟಣ, ತಿರುಮಕೂಡಲು ನರಸೀಪುರ, ತಲಕಾಡು, ಶಿವನಸಮುದ್ರ ಎಂದು ಬರೆಯಿಸಬಹುದು. ತಲಕಾವೇರಿಯಿಂದ ಶಿವನಸಮುದ್ರಕ್ಕೆ 35 ಮೀಟರ್ ಆಯಿತು. ತುಂಗಭದ್ರೆಯ ಕಡೆಯಾದರೆ ಕೂಡಲಿ, ಹರಿಹರ, ಹೊಸಪೇಟೆಯ ಅಣೆಕಟ್ಟು, ಹಂಪಿ, ಮಂತ್ರಾಲಯ. ರೋಗಿಗೆ ಗೊತ್ತಿರುವ ಊರುಗಳೇ ಆಗಬೇಕೆಂಬುದಕ್ಕೆ ಕಾರಣವಿದೆ: ಅಪರಿಚಿತ ದೃಶ್ಯ ಎಷ್ಟೇ ಚೆಂದವಿದ್ದರೂ ನೋಡಿ ಬಿಡುತ್ತಾರೆ, ತಮ್ಮ ಊರಿನ ಚಿತ್ರ ಕಂಡರೆ ಪಕ್ಕದ ಮಂಚದವರೊಡನೆ ಮಾತಿಗಿಳಿಯುತ್ತಾರೆ, ಮಾತಾಡುತ್ತ ಇಬ್ಬರೂ ಮುಂದಿನ ನಿಲುಗಡೆಗೆ ತಲುಪಿರುತ್ತಾರೆ. ಆಗ ಫಿಸಿಯೋಥೆರಪಿಸ್ಟ್ “ಇವತ್ತು ಕನ್ನಂಬಾಡಿಯವರೆಗೆ ಹೋಗಿ ಬನ್ನಿ ಅಜ್ಜಿ, ನಾಳೆ ತಲಕಾಡು ನೋಡೋಣ” ಎನ್ನಬಹುದು. ಅದು ಮಾತ್ರೆಯ ಪ್ರಮಾಣದಷ್ಟೇ ಖಚಿತವಾದ ಸೂಚನೆ. ರೋಗಿಯ ಚೀಟಿಯಲ್ಲಿ ಬರೆದಿಡಲೂ ಬರುತ್ತದೆ.

ಇದರೊಡನೆ ಇನ್ನೊಂದು ಉಪಯೋಗವನ್ನೂ ಹೆಣೆಯಬಹುದು. ಹೃದಯ ಮತ್ತು ಶ್ವಾಸಕೋಶದ ರೋಗಿಗಳ ಸಾಮರ್ಥ್ಯವನ್ನು ಅಳೆಯುವ ಆರು ನಿಮಿಷದ ನಡಿಗೆ ಪರೀಕ್ಷೆಗೆ, 2002ರ ಅಮೆರಿಕನ್ ಥೊರಾಸಿಕ್ ಸೊಸೈಟಿಯ ಮಾರ್ಗಸೂಚಿಯಂತೆ, 30 ಮೀಟರ್ ಉದ್ದದ ಸಮತಟ್ಟಾದ ದಾರಿ, ಅದರಲ್ಲಿ ಮೂರು ಮೂರು ಮೀಟರಿಗೆ ಗುರುತು ಬೇಕು. ಗೋಡೆಯ ಬುಡದಲ್ಲಿ ಆ ಗುರುತುಗಳನ್ನು ಮೀನುಗಳಾಗಿ ಬರೆಸಿ, ತಿರುಗುವ ಎರಡು ತುದಿಗಳನ್ನು ಆಮೆಗಳಾಗಿಸಿದರೆ, ನೋಡುವವರಿಗೆ ಅದು ನದಿ, ಪರೀಕ್ಷಿಸುವವರಿಗೆ ಅಳತೆಗೋಲು.

ನೆಲದ ಮೇಲೆ ಏನನ್ನು ಬರೆಯಬಹುದು ಎಂಬುದು ಸೂಕ್ಷ್ಮ ಪ್ರಶ್ನೆ. ಪಾರ್ಕಿನ್‌ಸನ್ ಕಾಯಿಲೆಯವರಲ್ಲಿ ನಡೆಯುತ್ತಿರುವಾಗಲೇ ಕಾಲು ನೆಲಕ್ಕಂಟಿದಂತಾಗುವ ತೊಂದರೆಯಿದೆ. ನಡಿಗೆಗೆ ಅಡ್ಡಲಾಗಿ ಎಳೆದ ಗೆರೆಗಳನ್ನು ದಾಟುವಂತೆ ಹೇಳಿದರೆ ಅವರಲ್ಲಿ ಹಲವರು ಮತ್ತೆ ಹೆಜ್ಜೆ ಹಾಕಬಲ್ಲರು. ಆದರೆ ಅದೇ ನೆಲದಲ್ಲಿ ಕಪ್ಪು ಅಥವಾ ಕಡುನೀಲಿಯ ದೊಡ್ಡ ಆಕೃತಿಯಿದ್ದರೆ, ಮರೆಗುಳಿತನದ ರೋಗಿಗಳಿಗೆ ಅದು ಗುಂಡಿಯಂತೆ ಕಾಣಿಸಿ ಅವರು ಹೆದರಿ ನಿಲ್ಲಬಹುದು, ಹೊಳೆಯುವ ನೆಲ ಒದ್ದೆ ನೆಲದಂತೆ ತೋರಬಹುದು. ಹಾಗಾಗಿ ನದಿಯನ್ನು ಗೋಡೆಗೇ ಬಿಟ್ಟು, ನೆಲದಲ್ಲಿ ತೆಳುವಾದ, ನೆಲದ ಬಣ್ಣಕ್ಕೆ ಹತ್ತಿರದ, ಹೊಳಪಿಲ್ಲದ ಅಡ್ಡಗೆರೆಗಳನ್ನಷ್ಟೇ ಹಾಕಿಸಿ. ಮೂರು ಆಯಾಮದ ಭ್ರಮೆ ಹುಟ್ಟಿಸುವ ಚಿತ್ರಗಳನ್ನು ಮಾಲ್‌ಗಳಲ್ಲಿ ಕಂಡು ಮೆಚ್ಚಿದ ದಾನಿಗಳು ಅದನ್ನೇ ಕೇಳಬಹುದು. ವಿನಯದಿಂದ, ಆದರೆ ಖಂಡಿತವಾಗಿ, ಇಲ್ಲವೆನ್ನಿ.

ಸೋತವರು ಕೂರಲು ಜಾಗ ಇಲ್ಲದಿದ್ದರೆ ಯಾರೂ ಹೊರಡುವುದಿಲ್ಲ. ಹತ್ತು ಮೀಟರಿಗೊಂದು ಆಸನ, ಉದ್ದಕ್ಕೂ ಕೈಹಿಡಿ ಇರಲಿ. ರಾಷ್ಟ್ರೀಯ ಕಟ್ಟಡ ಸಂಹಿತೆ ಆಸ್ಪತ್ರೆಯ ಕಾರಿಡಾರಿಗೆ 2.4 ಮೀಟರ್ ಅಗಲವನ್ನು ಕೇಳುವುದು ಎರಡು ಸ್ಟ್ರೆಚರ್‌ಗಳು ಎದುರುಬದುರಾಗಿ ಸಾಗಲೆಂದು. ಬೆಂಚುಗಳು ಆ ಅಗಲವನ್ನು ನುಂಗದಂತೆ ಗೋಡೆಗೆ ಮಡಚುವ ಆಸನಗಳನ್ನೋ ಕಂಬಗಳ ನಡುವಿನ ಸಂದಿಗಳನ್ನೋ ಬಳಸಿ. ಕೈಹಿಡಿಯ ಹಿಂದಿನ ಗೋಡೆಗೆ ಒಂದೇ ಬಣ್ಣವಿರಲಿ, ಕಣ್ಣು ಮಂದವಾದವರಿಗೆ ಕೈಹಿಡಿ ಎದ್ದು ಕಾಣಬೇಕು.

ಐದನೆಯ ಹಂತ: ಮಕ್ಕಳ ವಿಭಾಗ

ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿ, ಶಸ್ತ್ರಚಿಕಿತ್ಸೆಗೆ ಹೋಗುವ ದಾರಿಯ ಗೋಡೆಗಳೊಳಗೆ ಜೇಸನ್ ಬ್ರೂಜಸ್ ಅವರ ಸ್ಟುಡಿಯೊ 2012ರಲ್ಲಿ ಎಲ್‌ಇಡಿ ಫಲಕಗಳನ್ನು ಅಳವಡಿಸಿತು. ಮಗು ಹತ್ತಿರ ಬಂದಂತೆ ಕಾಡಿನ ಚಿತ್ರದ ಮರಗಳ ನಡುವೆ ಜಿಂಕೆ, ಕುದುರೆ, ಮುಳ್ಳುಹಂದಿಯಂಥ ಪ್ರಾಣಿಗಳು ಬೆಳಕಾಗಿ ಸುಳಿದು ಮುಂದೆ ಸಾಗುತ್ತವೆ. ಬೇರೆ ಬೇರೆ ವಯಸ್ಸಿನ ಮಕ್ಕಳ ಕಣ್ಣಿನ ಮಟ್ಟಕ್ಕೆ, ಸ್ಟ್ರೆಚರಿನಲ್ಲಿ ಮಲಗಿ ಹೋಗುವವರ ಮಟ್ಟಕ್ಕೂ, ಹೊಂದುವಂತೆ ಫಲಕಗಳ ಎತ್ತರವನ್ನು ಬದಲಿಸಿರುವುದು ಅದರ ಜಾಣತನ. ಈ ಒಂದು ಗುಣವನ್ನು ಬರಿಯ ಬಣ್ಣದಲ್ಲೂ ತರಬಹುದು: ಗೋಡೆಯ ಚಿತ್ರವನ್ನು ವಯಸ್ಕರ ಎದೆಮಟ್ಟಕ್ಕೆ ಬರೆಯುವ ಅಭ್ಯಾಸ ಬಿಟ್ಟು, ಮಗುವಿನ ಮೊಣಕಾಲಿನಿಂದ ತಲೆಯವರೆಗೆ ಬರೆಯಿಸಿ.

ವಿದ್ಯುತ್ತಿನ ಕಲಾಕೃತಿಗಳ ಬಗ್ಗೆ ನನಗೆ ಅನುಮಾನವಿದೆ. ಕೆಟ್ಟ ಸೆನ್ಸಾರನ್ನು ವರ್ಷದಾಚೆಗೂ ಬಂದು ರಿಪೇರಿ ಮಾಡುವವರು ಅದೇ ಊರಿನಲ್ಲಿ ಇಲ್ಲದಿದ್ದರೆ ಆ ದಾರಿ ಹಿಡಿಯಬೇಡಿ. ಕೆಟ್ಟು ನಿಂತ ಯಂತ್ರ ಖಾಲಿ ಗೋಡೆಗಿಂತ ಮಂಕು ಕವಿಸುತ್ತದೆ. ಹೊರರೋಗಿ ವಿಭಾಗದಲ್ಲಿ ಕಾಯುವ ಮಕ್ಕಳಿಗೆ, ಓಡಾಟದ ದಾರಿಯಿಂದ ಸರಿದ ಮೂಲೆಯಲ್ಲಿ, ಕುಂಟೆಬಿಲ್ಲೆಯ ಮನೆಗಳನ್ನು ನೆಲದಲ್ಲಿ ಬರೆಯಿಸಿದರೆ ಸಾಕು, ನಿಯಮ ಹೇಳಿಕೊಡಲು ಅಲ್ಲೇ ಕುಳಿತ ಅಜ್ಜಿಯರಿದ್ದಾರೆ. ಕಾರಿಡಾರಿನ ನಡುವೆ ಮಾತ್ರ ಇದು ಬೇಡ.

ಆರನೆಯ ಹಂತ: ಕಲಾವಿದರು, ಅನುಮತಿ, ಸಾಮಗ್ರಿ

ಸರ್ಕಾರಿ ಆಸ್ಪತ್ರೆಯಾದರೆ ಆರೋಗ್ಯ ರಕ್ಷಾ ಸಮಿತಿಯ ಮುಂದೆ ವಿಷಯವಿಟ್ಟು ನಿರ್ಣಯ ಬರೆಸಿಕೊಳ್ಳಿ. ಸ್ವಚ್ಛತೆ ಮತ್ತು ಸೋಂಕು ನಿಯಂತ್ರಣಕ್ಕೆ ಅಂಕ ಕೊಡುವ ಕಾಯಕಲ್ಪ ತಪಾಸಣೆ ಬಂದಾಗ ಕಲಾಕೃತಿಯೇ ಆಕ್ಷೇಪಣೆಗೆ ಗುರಿಯಾಗದಂತೆ ಮೊದಲೇ ಸೋಂಕು ನಿಯಂತ್ರಣ ಸಮಿತಿಯ ಒಪ್ಪಿಗೆ ಪಡೆಯಿರಿ. ಧೂಳು ಹಿಡಿಯುವ ಬಟ್ಟೆ, ಸೆಣಬು, ಉಬ್ಬುಕೆತ್ತನೆಗಳನ್ನು ಒಳರೋಗಿ ವಿಭಾಗದಿಂದ ದೂರವಿಡಿ. ಗೋಡೆ ಕೊರೆಯುವಾಗ, ಹಳೆಯ ಗಾರೆ ಕೆರೆಯುವಾಗ ಏಳುವ ಧೂಳಿನಲ್ಲಿ ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ಕಣಗಳಿರುತ್ತವೆ. ರೋಗನಿರೋಧಕ ಶಕ್ತಿ ಕುಂದಿದವರಿಗೆ ಅದು ಪ್ರಾಣಾಪಾಯ. ಆ ಕೆಲಸವನ್ನು ಪ್ಲಾಸ್ಟಿಕ್ ಹಾಳೆಯ ತಡೆ ಕಟ್ಟಿ, ರೋಗಿಗಳನ್ನು ಬೇರೆಡೆಗೆ ಸಾಗಿಸಿದ ಮೇಲೆಯೇ ಮಾಡಬೇಕು.

ಗೋಡೆಗೆ ತೊಳೆಯಬಹುದಾದ, ವಾಸನೆ ಕಡಿಮೆಯಿರುವ ಅಕ್ರಿಲಿಕ್ ಎಮಲ್ಷನ್, ಅದರ ಮೇಲೆ ಹೊಳಪಿಲ್ಲದ ಪಾರದರ್ಶಕ ಲೇಪ; ನೆಲದ ಗೆರೆಗಳಿಗೆ ಜಾರದ ಪುಡಿ ಬೆರೆಸಿದ ಎಪಾಕ್ಸಿ ಅಥವಾ ಪಾಲಿಯುರೆಥೇನ್ ಬಣ್ಣ. ನೆಲಕ್ಕೆ ಅಂಟಿಸುವ ಸ್ಟಿಕ್ಕರ್ ಅಗ್ಗವೆನಿಸಿದರೂ ಅಂಚು ಎದ್ದು ಕಾಲಿಗೆ ತೊಡರುತ್ತದೆ. ಬಣ್ಣದ ಮಾದರಿಯೊಂದನ್ನು ಹಲಗೆಯ ಮೇಲೆ ಬಳಿಸಿ, ಆಸ್ಪತ್ರೆಯಲ್ಲಿ ಬಳಸುವ ಹೈಪೊಕ್ಲೋರೈಟ್ ದ್ರಾವಣದಿಂದಲೇ ಒಂದು ತಿಂಗಳು ದಿನವೂ ಒರೆಸಿ ನೋಡಿ. ಈ ಪರೀಕ್ಷೆಯನ್ನು ಸ್ವಚ್ಛತೆಯ ಸಿಬ್ಬಂದಿಯ ಕೈಯಲ್ಲೇ ಮಾಡಿಸಿ.

ಕಲಾವಿದರನ್ನು ಊರಿನ ಸುತ್ತಲೇ ಹುಡುಕುವುದು ಲೇಸು. ಉದಾಹರಣೆಗೆ ಸಾಗರದ ಸುತ್ತಿನ ದೀವರ ಹೆಣ್ಣುಮಕ್ಕಳ ಚಿತ್ತಾರ ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆ: ಪುಂಡಿ ನಾರಿನ ಕುಂಚದಲ್ಲಿ ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ ಎಳೆದ ಆ ನೇರ ಎಳೆಗಳು ಕಣ್ಣನ್ನು ಒಂದು ಕಡೆ ನಿಲ್ಲಗೊಡದೆ ಮುಂದಕ್ಕೆ ಕರೆದೊಯ್ಯುತ್ತವೆ. ಆದರೆ ಹಸೆ ಚಿತ್ತಾರ ಮದುವೆಯ ಮನೆಯ ಗೋಡೆಗೆ ಸೇರಿದ್ದು. ಅದರಲ್ಲಿ ಯಾವುದು ಆಸ್ಪತ್ರೆಗೆ ಒಪ್ಪುತ್ತದೆ, ಯಾವುದು ಒಪ್ಪುವುದಿಲ್ಲ ಎಂಬುದನ್ನು ಬರೆಯುವ ಹೆಂಗಸರೇ ಹೇಳಬೇಕು. ಅಕ್ಕಿಹಿಟ್ಟಿನ ಬಣ್ಣ ಒರೆಸುವ ಬಟ್ಟೆಗೆ ಉಳಿಯದು. ಅಕ್ರಿಲಿಕ್ ಬಳಸಲು ಅವರಿಗೆ ಒಪ್ಪಿಗೆಯೇ ಎಂದು ಕೇಳಿ, ಒಪ್ಪದಿದ್ದರೆ ಕೈಗೆಟುಕದ ಎತ್ತರದ ಗೋಡೆಯನ್ನು ಕೊಡಿ. ಸೇವೆಯೆಂದು ಹೊಗಳಿ ಕೂಲಿ ಉಳಿಸುವ ಆಲೋಚನೆ ಬೇಡ. ಒಟ್ಟು ಹಣದಲ್ಲಿ ಹತ್ತನೆಯ ಒಂದು ಪಾಲನ್ನಾದರೂ ಮುಂದಿನ ದುರಸ್ತಿಗೆಂದು ಆರಂಭದಲ್ಲೇ ತೆಗೆದಿಡಿ.

ಏಳನೆಯ ಹಂತ: ಫಲಕದ ಮಾತು

ಅಟ್ಲಾಂಟಾದ ಪ್ರಯೋಗ ಫಲಕದ ಬಲವನ್ನು ತೋರಿಸಿದೆ. ಆದ್ದರಿಂದ ಚಿತ್ರದ ಪಕ್ಕದಲ್ಲಿ ಎರಡು ಸಾಲಿನ ಮಾತು ಇರಲೇಬೇಕು. ಕ್ಯಾಲೊರಿಯ ಲೆಕ್ಕ ನಮ್ಮ ಹೆಚ್ಚಿನ ರೋಗಿಗಳಿಗೆ ಏನನ್ನೂ ಹೇಳುವುದಿಲ್ಲ. “ಸೋಮಾರಿಗಳಿಗೆ ಲಿಫ್ಟು” ಎಂಬ ಧಾಟಿಯ ಹಾಸ್ಯ, ಹೊರಗೆ ಕಾಣದ ಹೃದ್ರೋಗವಿರುವ ಯುವಕನನ್ನು ನಾಚಿಸಿ ಮೆಟ್ಟಿಲು ಹತ್ತಿಸೀತು. “ಆಗುವವರಿಗೆ ಮೆಟ್ಟಿಲು, ಆಗದವರಿಗೆ ಲಿಫ್ಟು. ಎದೆನೋವು, ಉಬ್ಬಸ, ತಲೆಸುತ್ತು ಇದ್ದವರು ವೈದ್ಯರನ್ನು ಕೇಳಿ” ಎಂಬಷ್ಟು ಸಾಕು. ಓದಲು ಬಾರದವರಿಗಾಗಿ ಮೆಟ್ಟಿಲೇರುವ ಆಕೃತಿ, ಗಡಿಭಾಗದ ಆಸ್ಪತ್ರೆಗಳಲ್ಲಿ ಅಲ್ಲಿನ ಎರಡನೆಯ ಭಾಷೆ ಜೊತೆಗಿರಲಿ. ಮೆಟ್ಟಿಲು ತುಂಬಲೆಂದು ಲಿಫ್ಟನ್ನು ನಿಲ್ಲಿಸುವುದು, ನಿಧಾನಗೊಳಿಸುವುದು ಆಸ್ಪತ್ರೆಯಲ್ಲಿ ಕ್ರೌರ್ಯ.

ಎಂಟನೆಯ ಹಂತ: ಮತ್ತೆ ಎಣಿಕೆ, ಮತ್ತೆ ಬಣ್ಣ

ಮುಗಿದ ಒಂದು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ, ಮೊದಲಿನಂತೆಯೇ ಅದೇ ವಾರದ ದಿನಗಳಲ್ಲಿ, ಅದೇ ಗಂಟೆಗಳಲ್ಲಿ ಎಣಿಸಿ. ತಿಂಗಳ ಅಂಕಿ ಹೊಸತನದ್ದು. ನಂಬಬೇಕಾದದ್ದು ಆರು ತಿಂಗಳಿನದನ್ನು. ಬಿದ್ದವರು, ಜಾರಿದವರು ಇದ್ದರೆ ಎಲ್ಲಿ, ಯಾವಾಗ ಎಂಬುದನ್ನು ಪ್ರತ್ಯೇಕವಾಗಿ ದಾಖಲಿಸಿ, ಒಂದೇ ಜಾಗದಲ್ಲಿ ಎರಡನೆಯ ಬಾರಿ ಆದರೆ ಆ ಭಾಗದ ಚಿತ್ರವನ್ನು ಅಳಿಸಲು ಹಿಂಜರಿಯಬೇಡಿ.

ಕಾರಿಡಾರಿನಲ್ಲಿ ಅಂಕಿಗಿಂತ ಚೆನ್ನಾಗಿ ಹೇಳುವುದು ನೆಲದ ಸವೆತ ಮತ್ತು ಗೋಡೆಯ ಕೈಗುರುತು. ಕನ್ನಂಬಾಡಿಯವರೆಗೆ ಗೆರೆಗಳು ಮಾಸಿ, ಅದರಾಚೆಯವು ಹೊಸದಾಗಿಯೇ ಉಳಿದಿದ್ದರೆ ರೋಗಿಗಳು ಅಲ್ಲಿಂದಲೇ ತಿರುಗುತ್ತಿದ್ದಾರೆ ಎಂದರ್ಥ. ಮಾಸಿದ್ದನ್ನು ಮತ್ತೆ ಬಳಿಸುವ ಮೊದಲು ಆ ತಿರುವಿನಲ್ಲಿ ನಿಂತು ನೋಡಿ: ಮುಂದಿನ ಬಲ್ಬು ಉರಿಯುತ್ತಿದೆಯೇ, ಆಸನ ಮುರಿದಿದೆಯೇ, ಔಷಧದ ಪೆಟ್ಟಿಗೆಗಳು ಅಡ್ಡ ಬಂದಿವೆಯೇ. ಮುಂದಿನ ಹಣವನ್ನು ಅಲ್ಲಿಗೆ ಹಾಕಿ, ಆಮೇಲೆ ಶ್ರೀರಂಗಪಟ್ಟಣದ ಗೋಪುರದ ತುದಿಯನ್ನು ಕನ್ನಂಬಾಡಿಯಲ್ಲಿ ನಿಂತವರಿಗೂ ಕಾಣುವಷ್ಟು ಎತ್ತರಕ್ಕೆ ಬರೆಸಿ.